ಲಾರಿಯ ಕನ್ನಡಿಗಳು

ಮಾವನ ಕಾಲದಲ್ಲಿ ಅದು ಕುದುರೆಮದ್ದು.
ಆಮೇಲೆ ಹುಚ್ಚುಮದ್ದು ಅಂದರು.
"ಹೆಸರಿಗೆ ಹೆದರುತ್ತಾರೇನೆ?" ಸೊಮ್ನುಕ್ ನಗುತ್ತಿದ್ದ,
"ಖೋನ್ ಕೇನ್‌ನಿಂದ ಬಂದರಿಗೆ ಮರಗೆಣಸಿನ ಲೋಡು,
ಕಣ್ಣು ಮುಚ್ಚಿದರೆ ಕಂತು ನೀನು ಕಟ್ಟುತ್ತೀಯಾ?"

ನಾಲ್ಕನೆಯ ರಾತ್ರಿ
ಲಾರಿಯ ಕನ್ನಡಿಗಳನ್ನು ಬಿಚ್ಚಿ ತಂದು
ಅಕ್ಕಿ ಡಬ್ಬದೊಳಗೆ ಹೂತಿಟ್ಟ.
ಒಳಗೆ ಜನ ಇದ್ದಾರಂತೆ,
ಹಿಂದಿನಿಂದ ಬರುತ್ತಲೇ ಇದ್ದಾರಂತೆ.
ಗೋಡೆಯ ಹಲ್ಲಿ ಲೊಚಗುಟ್ಟಿತು.
"ಕೇಳಿದೆಯಾ?" ಅಂದ.

ಎಷ್ಟು ಮಾತ್ರೆ, ಎಷ್ಟು ವರ್ಷ, ಮನೆತನದಲ್ಲಿ ಯಾರಿಗಾದರೂ...
ನರ್ಸು ಕೇಳುತ್ತಾ ಹೋದಳು. ನನ್ನ ಕೈಬೆರಳು ಸಾಲಲಿಲ್ಲ.
"ಎಲ್ಲರಿಗೂ ಹೀಗಾಗುವುದಿಲ್ಲ."
ಹೌದು, ವಿರೋಟ್ ಇನ್ನೂ ಓಡಿಸುತ್ತಿದ್ದಾನೆ,
ಹಾರನ್ ಹೊಡೆದೇ ನಮ್ಮ ಬೀದಿ ದಾಟುತ್ತಾನೆ.

ಹದಿನೇಳು ದಿನ ಮಲಗಿ ಎದ್ದು ಬಂದ.
ಕನ್ನಡಿಗಳ ಅಕ್ಕಿಹುಡಿ ಒರೆಸಿ ತಾನೇ ಕೂರಿಸಿದ.
ಹಲ್ಲಿ ನುಡಿದಾಗ ಮಾತ್ರ
ಇಬ್ಬರೂ ತಲೆಯೆತ್ತದೆ ಉಣ್ಣುತ್ತೇವೆ.