ಕರಿಬಟ್ಟೆಯ ಮೇಲೆ ಅಖ್ಮೀಮ್

ಅವನ ಹೆಸರು ವೀಸಾ.
ನಿಜವಾಗಲೂ. ಅವರ ಕಡೆಯ ಹಳೆಯ ಸಂತನೊಬ್ಬನ ಹೆಸರಂತೆ.
ಫರ್ವಾನಿಯಾದ ಟೇಲರ್ ಅಂಗಡಿಯಲ್ಲಿ ನಾವು ಏಳು ಜನ,
ಮುದ್ರೆ ಒತ್ತಿಸಿಕೊಂಡು ವರ್ಷ ತಳ್ಳುವವರು,
ಮೊದಲ ದಿನ ಬಿದ್ದು ಬಿದ್ದು ನಕ್ಕಿದ್ದೆವು:
ಅವಧಿ ಮುಗಿದರೆ ನಿನ್ನನ್ನು ಎಲ್ಲಿ ರಿನ್ಯೂ ಮಾಡಿಸೋದು?

ಈದ್‌ಗೆ ಹನ್ನೊಂದು ದಿನ. ರಾತ್ರಿ ಎರಡು ಗಂಟೆ.
ಎ.ಸಿ. ಕೆಮ್ಮುತ್ತಿತ್ತು.
ಮೇಜಿನ ಮೇಲೆ ಅಬಾಯಾದ ಕರಿಬಟ್ಟೆ ಹಾಸಿ
ವೀಸಾ ಸೀಮೆಸುಣ್ಣ ತೆಗೆದ. ಅಳತೆಗಲ್ಲ.
ಉದ್ದಕ್ಕೂ ಒಂದು ಗೆರೆ, ನಡುವೆ ತುಸು ಬಾಗಿಸಿ,
‘ಬಹರ್’ ಅಂದ. ಕಡಲು ಅಂದುಕೊಂಡೆ.
ಅವರಲ್ಲಿ ನದಿಗೂ ಅದೇ ಮಾತಂತೆ.

ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆ, ಅಂದ, ಉತ್ತರಕ್ಕೆ.
ಉತ್ತರವಾಹಿನಿ, ಅಂದೆ ನಾನು, ಕನ್ನಡದಲ್ಲೇ.
ಪಟ್ಟದಕಲ್ಲಿನ ಬಳಿ ನಮ್ಮ ಮಲಪ್ರಭೆ
ಒಂದಿಷ್ಟು ದೂರ ಹಾಗೆ ತಿರುಗುತ್ತಾಳೆ,
ಅಷ್ಟಕ್ಕೇ ಅಲ್ಲಿ ಅರಸರಿಗೆ ಪಟ್ಟ ಕಟ್ಟಿದರು.
ಇವನದು ಊರಿಂದ ಕಡಲ ತನಕ
ಉತ್ತರವೇ ಉತ್ತರ. ಪ್ರಶ್ನೆ ಏನಿತ್ತೋ.

ಪೂರ್ವದ ದಂಡೆಗೆ ಒಂದು ಚುಕ್ಕಿ: ಅಖ್ಮೀಮ್.
ಅದಕ್ಕೂ ಮೊದಲು ಗ್ರೀಕರ ಬಾಯಲ್ಲಿ ಪಾನೊಪೊಲಿಸ್,
ಅದಕ್ಕೂ ಮೊದಲು ಖೆಂತ್-ಮಿನ್, ಅದಕ್ಕೂ ಮೊದಲು ಇಪು,
ಎರಡೇ ಅಕ್ಷರ, ಕೂಸಿನ ಬಾಯಿಗೂ ಹಿಡಿಸುವಷ್ಟು.
ಮಿನ್ ದೇವರಿಗೆ ಗುಡಿಯಿತ್ತು, ಬಹಳ ದೊಡ್ಡದು.
ಕಲ್ಲು ಕಲ್ಲಾಗಿ ಹೊತ್ತುಕೊಂಡು ಹೋದರು.
‘ಯಾರು?’
‘ಮನೆ ಬೇಕಾದವರು.’

ಅವನು ಹುಡುಗನಾಗಿದ್ದಾಗ
ಶಾಲೆಗೆಂದು ಪಾಯ ತೋಡಿದರೆ ರಾಣಿ ಸಿಕ್ಕಳು.
ಸುಣ್ಣಕಲ್ಲಿನವಳು, ಹನ್ನೊಂದು ಮೀಟರ್,
ತುಟಿಗೆ ಇನ್ನೂ ಕೆಂಪು.
ಮೂಲೆಯಿಂದ ಬರೇಲಿಯ ಮುಸ್ತಕೀಮ್ ಕೇಳಿದ:
ಅಷ್ಟೆತ್ತರದ ಹೆಂಗಸಿಗೆ ಅಬಾಯಾಕ್ಕೆ ಬಟ್ಟೆ ಎಷ್ಟು ಬೇಕು?
ನಾವು ನಿಜಕ್ಕೂ ಲೆಕ್ಕ ಹಾಕಿದೆವು.
ನಾಲ್ಕು ಥಾನು ಸಾಲಲಿಲ್ಲ.

ಊರು ನೇಕಾರರದು. ಅಲ್ಲಿಯ ಗೋರಿಗಳ ಬಟ್ಟೆ
ಚೂರು ಚೂರಾಗಿ ಪರದೇಶದ ಗಾಜಿನ ಪೆಟ್ಟಿಗೆಗಳಲ್ಲಿದೆ.
ಮೈ ಹೋಗಿದೆ, ತೋಳು ಉಳಿದಿದೆ.
ಒಂದು ಮಗುವಿನ ಅಂಗಿಯ ಫೋಟೊ ನೋಡಿದ್ದನಂತೆ,
ಮೊಣಕೈ ಬಳಿ ಬೇರೆ ಬಣ್ಣದ ದಾರದ ರಫೂ.
‘ಹೊಲಿಗೆ ಚೆನ್ನಾಗಿಲ್ಲ,’ ಅಂದ. ‘ಅವಸರದ್ದು.
ತಾಯಿಯೇ ಇರಬೇಕು.’

ನಾನೂ ಹೇಳಿದೆ, ಬರುವಷ್ಟು ಅರಬ್ಬಿಯಲ್ಲಿ:
ಗುಳೇದಗುಡ್ಡದಲ್ಲಿ ನನ್ನಜ್ಜ ಸೊಂಟದ ತನಕ
ಕುಣಿಗಿಳಿದು ಖಣ ನೇಯುತ್ತಿದ್ದ.
ಕುಣಿ ಅಂದರೆ ನಮ್ಮಲ್ಲಿ ಮಗ್ಗದ್ದೂ ಹೌದು, ಹೆಣದ್ದೂ ಹೌದು.
ಇದನ್ನು ಹೇಗೆ ಹೇಳುವುದೋ ತಿಳಿಯದೆ
ಮೇಜಿನ ಹಿಂದೆ ಕುಕ್ಕರಿಸಿ ತೋರಿಸಿದೆ, ಅರ್ಧ ಮೈ.
ಉಳಿದವರು ನಕ್ಕರು.
ವೀಸಾ ನಗಲಿಲ್ಲ.

ಈ ದೇಶಕ್ಕೆ ನದಿಯಿಲ್ಲ.
ಕಡಲನ್ನೇ ಕಾಯಿಸಿ ಕುಡಿಯುತ್ತೇವೆ.

ಹೊರಗೆ ಮಾಲೀಕನ ಗಾಡಿ ನಿಂತ ಸದ್ದು.
ವೀಸಾ ಬ್ರಷ್ಷು ಹೊಡೆದ. ಗುಡಿ ಹೋಯಿತು, ಶಾಲೆ ಹೋಯಿತು,
ಇಪು ಹೋಗಲು ಒಂದೇ ಏಟು ಸಾಕಾಯಿತು.
ನದಿ ಮಾತ್ರ ಎಳೆಗಳೊಳಗೆ ಕೂತುಬಿಟ್ಟಿತ್ತು.

ಸಾಲ್ಮಿಯಾದ ಯಾರದೋ ಆ ಅಬಾಯಾ, ನಂಬರ್ ನೂರಾ ಹದಿನಾಲ್ಕು,
ಮರುದಿನ ನನ್ನ ಮಿಷನ್ನಿಗೆ ಬಂತು.
ಗೆರೆ ಕಂಡಲ್ಲಿ ಹೊಲಿಯುವುದು ಕೈಗೆ ಅಭ್ಯಾಸ.
ಒಳಮಗ್ಗುಲಲ್ಲಿ, ಕರಿದಾರದಲ್ಲಿ,
ಬಾಗಿದಲ್ಲಿ ಬಾಗಿ,
ಕೆಳಗಿನಿಂದ ಮೇಲಕ್ಕೆ.