ಹದಿನೇಳನೇ ನಂಬರಿನ ಹಾಳೆ

ಹೊಳೆಬಸು ಮಾಸ್ತರು ಮೂರು ಜೆರಾಕ್ಸು ಕೊಟ್ಟರು,
ಹೆಸರಿದ್ದ ಮೂಲೆ ಕತ್ತರಿಸಿ.
‘ಹತ್ತಕ್ಕ ಒಂಬತ್ತು, ಹತ್ತಕ್ಕ ಐದು, ಹತ್ತಕ್ಕ ಎರಡು.
ಓದು ದ್ಯಾಮವ್ವ. ಯಾಕಂತ ನೀನ ಹೇಳು.’
ವಾಸ್ಕೋದ ಬೈನಾದಲ್ಲಿ ಹೋಟೆಲಿನ ಚಾದರ
ಇಸ್ತ್ರಿ ಮಾಡುವವಳು ನಾನು,
ಹತ್ತನೇ ಇಯತ್ತೆಗೆ ಹೊರಗಿನಿಂದ ಕಟ್ಟಿದವಳು.
ನಂಬರು ಅಂದರೆ ನನಗೆ ಚಾದರದ ಮೂಲೆಗೆ
ಹೊಲಿದ ರೂಮಿನ ನಂಬರು, ಅಷ್ಟೇ.

ಪ್ರಶ್ನೆ: ತಾಯಿ ದೀಪ ಹಚ್ಚದೆ ಇರುವುದರ
ಅರ್ಥವೇನು? ವಿವರಿಸಿ.
ಪದ್ಯ ಎಂಟೇ ಸಾಲು. ಸಂಜೆ, ಹೊಸ್ತಿಲು,
ಒಣಗಿದ ಬತ್ತಿ, ಗೋಡೆಗೊರಗಿದ ತಾಯಿ,
‘ದೀಪ ಇನ್ನೂ ಹಚ್ಚಿಲ್ಲ’ ಅನ್ನುವ ಮಗು. ಮುಗಿಯಿತು.

ಐದರವನು ಪದ್ಯವನ್ನೇ ಮತ್ತೆ ಹೇಳಿದ್ದ,
ಸಂತೆಗೆ ಹೋದವರು ಬಂದು ಸಂತೆ ಒಪ್ಪಿಸಿದ ಹಾಗೆ.
ಒಂಬತ್ತರದು ಹುಡುಗಿಯೇ ಇರಬೇಕು,
ಅಕ್ಷರ ಬಿಡಿಸಿಟ್ಟ ಅವರೆಕಾಳು.
‘ಮೊದಲನೆಯದಾಗಿ’ ಅಂತ ಶುರು,
‘ಹೀಗೆ ಕವಿಯು’ ಅಂತ ಮುಕ್ತಾಯ.
ಎರಡರವನು, ನಂಬರು ಹದಿನೇಳು, ಬರೆದದ್ದು ಇಷ್ಟೇ:
‘ಎಣ್ಣೆ ಇದ್ದಿಲ್ಲ. ಇದ್ದರೆ ಹಚ್ಚತಿದ್ದಳು.’
ಪಕ್ಕದಲ್ಲಿ ಕೆಂಪು ಶಾಯಿ: ಆಧಾರ ಎಲ್ಲಿ?

ನಾನು ಒಂಬತ್ತರ ಬೆನ್ನು ಹತ್ತಿದೆ.
ದೀಪವೆಂದರೆ ಜ್ಞಾನ, ಕತ್ತಲೆಂದರೆ ಅಜ್ಞಾನ,
ತಾಯಿಯೆಂದರೆ ದೇಶ. ಮೂರು ಪುಟ.
ಮಾಸ್ತರು ನಾಲ್ಕು ಕೊಟ್ಟರು.
‘ಇಸ್ತ್ರಿ ಚಲೋ ಆಗೇದ. ಒಳಗ ಅಂಗಿ ಎಲ್ಲೈತಿ?’

ಆ ರಾತ್ರಿ ಬಂದರಿನ ಕಲ್ಲಿದ್ದಲ ಧೂಳು
ಎಂದಿನಂತೆ ಕಿಟಕಿಯ ಸೀಳಿನಿಂದ ಇಳಿದು
ಹಾಳೆಯ ಮೇಲೆ ಕೂತಿತ್ತು. ಊದಿದೆ.
ಊದುವಾಗ ಕಂಡಿತು: ಎರಡನೇ ಪುಟದ ನಡುವೆ ಆ ಹುಡುಗಿ
ಒಂದೇ ಪದದ ಹತ್ತಿರ ನಿಂತುಬಿಟ್ಟಿದ್ದಳು,
ಬಸ್ಸು ತಪ್ಪಿದರೂ ಚಿಂತೆಯಿಲ್ಲ ಅನ್ನುವಂತೆ.
‘ಈ ಇನ್ನೂ ಮಗುವಿನದು.
ಹಚ್ಚುತ್ತಾಳೆಂದು ಅದು ಕಾಯುತ್ತಿದೆ.
ತಾಯಿಯ ಬಾಯಲ್ಲಿ ಆ ಪದವಿಲ್ಲ.’
ಕೆಂಪು ಶಾಯಿ ಅಲ್ಲಿ ಏನೂ ಬರೆಯದೆ
ಬರೀ ಒಂದು ಗೆರೆ ಎಳೆದಿತ್ತು.
ಮೊದಲನೆಯದಾಗಿಗೆ ಅಲ್ಲ,
ಅಂಕ ಬಿದ್ದದ್ದು ಇಲ್ಲಿ.

ಹದಿನೇಳರ ಹಾಳೆ ಮುದುಡಿತ್ತು.
ಮರುದಿನ ಕೆಲಸದ ನಡುವೆ ಮೇಲೊಂದು ಬಟ್ಟೆ ಹೊದಿಸಿ
ಮಂದ ಬಿಸಿಯಲ್ಲಿ ಅದಕ್ಕೂ ಇಸ್ತ್ರಿ ಹಾಕಿದೆ.
ಎಣ್ಣೆ ಇದ್ದಿಲ್ಲ.
ತಿಂಗಳ ಕೊನೆಗೆ ನಮ್ಮವ್ವನೂ ಪಾಕೀಟು ಸೀಳಿ
ಒಳಮೈಯನ್ನು ರೊಟ್ಟಿಯಿಂದ ಒರೆಸುತ್ತಾಳೆ.
ಅದನ್ನು ಬರೆದರೆ ಎರಡು. ಬರೆಯದಿದ್ದರೆ ನಾಲ್ಕು.
ಪದ್ಯ ಮತ್ತೆ ತೆಗೆದೆ. ಮೂರನೇ ಸಾಲು.
ಒಣಗಿದ ಬತ್ತಿ.
ಅಲ್ಲೇ ಇತ್ತು ಆಧಾರ.
ಹುಡುಗ ಬೆರಳಿಟ್ಟು ತೋರಿಸಿರಲಿಲ್ಲ.

ಒಂದೂವರೆ ಪುಟ ಬರೆದೆ. ಬತ್ತಿಯಿಂದ ಎಣ್ಣೆಗೆ,
ಎಣ್ಣೆಯಿಂದ ಇನ್ನೂಗೆ. ದೇಶವನ್ನು ಬಿಟ್ಟುಬಿಟ್ಟೆ.
ಮಾಸ್ತರು ಎರಡು ಸಲ ಓದಿ ಏಳು ಹಾಕಿದರು.
‘ಇನ್ನೂ ಅಂತ ಬರಿಯೋವಲ್ಲಿ ದೀರ್ಘ ಬಿಟ್ಟಿ, ಒಂದು ಕಡಿದೇನಿ.’
ಉಳಿದೆರಡು ಯಾಕೆಂದು ಹೇಳಲಿಲ್ಲ.
‘ಎಣ್ಣಿ ಮಾತು ಯಾರದು?’
‘ಹದಿನೇಳರದ್ರಿ.’
ಕನ್ನಡಕ ತೆಗೆದರು.
‘ಅಂವ ಈಗ ಬಾರ್ಜಿಗೆ ಬಣ್ಣ ಬಳೀತಾನ, ಫೂಟಿಗಿಷ್ಟು ಅಂತ.
ಆ ವರ್ಷ ನಾಪಾಸಾದ.’
ಹಳೇ ಹಾಳೆ ಕೇಳಿದರು. ಕೊಟ್ಟೆ, ಸುಕ್ಕಿಲ್ಲದ್ದು.
ಕೆಂಪು ಪೆನ್ನು ಎರಡರ ಮೇಲೆ ಬಂದು ನಿಂತಿತು.
ಹೊರಗೆ ಬಸ್ಸಿನ ಹಾರ್ನು. ನನ್ನ ಪಾಳಿಗೆ ಹೊತ್ತಾಗಿತ್ತು.
ತಿದ್ದಿದರೋ ಬಿಟ್ಟರೋ ನೋಡದೆ ಓಡಿದೆ.

ಪರೀಕ್ಷೆಗೆ ಇನ್ನು ಹನ್ನೊಂದೇ ದಿನ, ಅಂದಳು ಅವ್ವ
ರೊಟ್ಟಿ ತಟ್ಟುತ್ತ.
ಇನ್ನೂ ಹನ್ನೊಂದು ದಿನ, ಅಂದೆ ನಾನು,
ದೀರ್ಘ ಬಿಡದೆ.