ನವೆಂಬರಿನ ಹಾಜರಿ

ನವೆಂಬರು ಬಂದರೆ ಪಿಂಚಣಿದಾರರು
ತಾವಿನ್ನೂ ಬದುಕಿದ್ದೇವೆಂದು ಹೇಳಲು ಬರುತ್ತಾರೆ,
ಮಂಡ್ಯದ ನಮ್ಮ ಶಾಖೆಯ ಮೂರನೇ ಕೌಂಟರಿಗೆ.
ಬೆರಳಿಡಿ, ಅನ್ನುತ್ತೇನೆ. ಇಡುತ್ತಾರೆ.
ಹಸಿರು ದೀಪ ಬಂದರೆ ಇನ್ನೊಂದು ವರ್ಷ.

ವಿಂಗ್ ಕಮಾಂಡರ್ ಚಿಕ್ಕಲಿಂಗಯ್ಯನವರ ಟೋಕನ್ ನಾಲ್ಕು.
ಕರೆದಾಗ ಎದ್ದವರು ಹಿಂದಿನವರನ್ನು ಮುಂದೆ ಬಿಟ್ಟರು:
ಬೂದನೂರಿನ ಅಜ್ಜಿ, ಊರುಗೋಲಿನ ಮೇಷ್ಟ್ರು,
ಆಮೇಲೆ ಸುಮ್ಮನೆ ಯಾರ್ಯಾರನ್ನೋ.
ಬೆಂಚು ಖಾಲಿಯಾದ ಮೇಲೆ ಬಂದು ಕೂತರು.

ಹೆಬ್ಬೆರಳಿಗೆ ಕೆಂಪು. ತೋರುಬೆರಳಿಗೂ ಕೆಂಪು.
‘ಉರಿಯೋ ವಿಮಾನದಾಗೆ ಗೆರೆಯೆಲ್ಲ ಬಿಟ್ಟು ಹಾರಿದ್ದೆ ಕಣವ್ವ.
ಇನ್ನೂ ಎಂಟವೆ. ನಿನ್ನ ಮಿಷನ್ನಿಗೆ ಒಂದೊಂದಾಗಿ ತೋರ್ಸು.’

ಸರ್ವರ್ ನಿಂತಿತ್ತು. ಅವರು ಮಾತಾಡಿದರು,
ನನಗಲ್ಲ, ನಡುವಿನ ಗಾಜಿಗೆ.

ಎಪ್ಪತ್ತೊಂದರ ಡಿಸೆಂಬರು. ಗಡಿಯಾಚೆ ಒಂದು ಕೋಣೆ.
ಹನ್ನೊಂದು ಜನ. ದಿನಕ್ಕೆ ಮೂರು ಸಲ ಎಣಿಸೋರು.
ಎಲ್ಲರಿಗಿಂತ ಹಿರಿಯ ನಾನು, ಅಂದ್ರೆ ಮೂವತ್ತೆರಡು.
ವಿಚಾರಣೆಗೆ ಮೊದಲು, ತಟ್ಟೆಗೆ ಕೊನೆ.
ಅಷ್ಟೇ ಕಣವ್ವ ನನ್ನ ನಾಯಕತ್ವ, ಮಿಕ್ಕಿದ್ದು ಕೆಮ್ಮು.
ಹೆಸರಿಗೆ ನಾಲಿಗೆ ತಿರುಗದ ಪಂಜಾಬಿನ ಹುಡುಗರು
ಚಿಕ್ಕಿ, ಚಿಕ್ಕಿ ಅಂತ ಕೂಗೋರು.

ಒಬ್ಬ ನ್ಯಾವಿಗೇಟರ್, ಮೀಸೆ ಇನ್ನೂ ಗಟ್ಟಿಯಾಗಿರಲಿಲ್ಲ.
ಗೋಡೆಗೆ ಮುಖ ಮಾಡಿ ಮಲಗಿದವನು ಏಳಲೇ ಇಲ್ಲ.
ಬೈದೆ. ಬೈದದ್ದು ತಪ್ಪು.
ಮೂರನೇ ದಿನ ಸಕ್ಕರೆ ಡಬ್ಬ ಅವನ ಕೈಗಿಟ್ಟೆ:
ತಲೆಗೊಂದು ಚಮಚ, ಲೆಕ್ಕ ನಿಂದು.
ಹತ್ತು ಲೋಟ ಕಾಯ್ತಾ ಇದ್ರೆ ಎಷ್ಟು ಹೊತ್ತು ಮಲಗ್ತಾನೆ ಮನುಷ್ಯ?
ಎದ್ದ.

ನಮ್ಮಪ್ಪ ಇಲ್ಲೇ ಸಕ್ಕರೆ ಕಾರ್ಖಾನೆಯ ಬಾಯ್ಲರಿನವನು.
ಜ್ವರವಿದ್ದರೂ ಸೈರನ್ನಿಗೆ ಎದ್ದು ಹೋಗೋನು.
ಅಲ್ಲಿ ಸೈರನ್ ಕೂಗಿದಾಗೆಲ್ಲ
ಅಪ್ಪ ಪಾಳಿಗೆ ಹೊರಟ ಅಂದ್ಕೊಳ್ತಿದ್ದೆ.
ಒಂದು ರಾತ್ರಿ ಮಾತ್ರ ಅಂದ್ಕೊಳ್ಳೋಕಾಗಲಿಲ್ಲ.
ಕಂಬಳಿ ಬಾಯಿಗೆ ತುರುಕ್ಕೊಂಡೆ,
ಹುಡುಗರಿಗೆ ಕೇಳಬಾರದಲ್ಲ.

ಸಂಕ್ರಾಂತಿಗೆ ಎಳ್ಳಿಲ್ಲ, ಬೆಲ್ಲವಿಲ್ಲ.
ಆ ಹುಡುಗ ಉಳಿಸಿದ್ದ ಸಕ್ಕರೆ,
ಕಾವಲಿನವನ ಜೇಬಿನ ಹುರಿಗಡಲೆ,
ಅಂಗೈಯಿಂದ ಅಂಗೈಗೆ. ಕಾವಲಿನವನಿಗೂ ಒಂದು ಪಾಲು.
ಒಳ್ಳೆ ಮಾತಾಡಪ್ಪ ಅಂದೆ, ಕನ್ನಡದಲ್ಲೇ.
ಏನು ತಿಳೀತೋ, ತಲೆಯಾಡಿಸಿದ.
ಮಾರನೇ ದಿನ ಲಾಠಿಯಲ್ಲಿ ತಿವಿದು ಎಣಿಸಲಿಲ್ಲ,
ಬೆರಳಲ್ಲಿ ಎಣಿಸಿದ.

ಎಡಗೈ ಕಿರುಬೆರಳು. ಹಸಿರು.
ಬದುಕಿದ್ದಾರೆ, ಎಂದು ನಮೂದಿಸಿದೆ.
ಆ ಹುಡುಗ? ಕೇಳಬಾರದಿತ್ತೇನೋ.

‘ಬಂದ. ಹನ್ನೊಂದು ಜನವೂ ಬಂದ್ವಿ.
ಬಂದು ಏಳು ವರ್ಷಕ್ಕೆ, ಅವನ ಮನೇಲೇ,
ಮತ್ತೆ ಗೋಡೆ ಕಡೆ ತಿರುಗಿ ಮಲಗಿದನಂತೆ.
ಡಬ್ಬ ಕೊಡೋರು ಅಲ್ಲಿ ಯಾರೂ ಇರ್ನಿಲ್ಲ.’

ಊಟದ ಹೊತ್ತಿಗೆ ಷಟರ್ ಅರ್ಧ ಇಳಿದಾಗ ಬಗ್ಗಿ ನೋಡಿದೆ.
ಎದುರು ಹೊಂಗೆ ಮರದಡಿ, ಸಕ್ಕರೆಯಿಲ್ಲದ ಟೀ ಪಕ್ಕಕ್ಕಿಟ್ಟು
ಫೋನಿನಲ್ಲಿ ಹಾಜರಿ ಕರೆಯುತ್ತಿದ್ದರು, ಗಟ್ಟಿಯಾಗಿ.
ಮೂವರು ಓಗೊಟ್ಟರು.
ಮಿಕ್ಕ ಹೆಸರುಗಳನ್ನು ಫೋನಿಲ್ಲದೆಯೇ ಕೂಗಿ,
ಒಂದೊಂದಕ್ಕೂ ಉತ್ತರಕ್ಕೆ ಬೇಕಾದಷ್ಟೇ ಹೊತ್ತು ಬಿಟ್ಟು
ಮುಂದಿನದಕ್ಕೆ ಹೋದರು.

ಕಬ್ಬಿನ ಲಾರಿಯೊಂದು ಅಡ್ಡ ಬಂತು, ಹಾರನ್ ಹಾಕುತ್ತ.
ಒಂದು ಹೆಸರು ಅದರಲ್ಲಿ ಮುಚ್ಚಿಹೋಯಿತು.
ಲಾರಿ ದಾಟುವ ತನಕ ಕಾದು
ಅದನ್ನು ಮತ್ತೆ ಕೂಗಿದರು.